ಇಲಿಬೋನನ್ನೂ ಮರೆಯಬಾರದವನು

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ ಕಕ್ಸಮ್ ಅಂತ ಒಂದು ಪುಟ್ಟ ಊರು. ಅಲ್ಲಿ ರಾಬರ್ಟ್ ಓಲ್ಡ್‌ಮ್ಯಾನ್ ಎಂಬವನು 1311ರಿಂದ 1349ರವರೆಗೆ ಒಂದೇ ಕೆಲಸ ಮಾಡಿದ. 38 ವರ್ಷ. ಊರಿನ ಒಡೆತನ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನದು. ಬಿತ್ತಿದ್ದೆಷ್ಟು, ಬೆಳೆದದ್ದೆಷ್ಟು, ಮಾರಿದ್ದೆಷ್ಟು, ಕೊಟ್ಟಿಗೆಯಲ್ಲಿ ಹುಟ್ಟಿದ್ದೆಷ್ಟು, ಸತ್ತದ್ದೆಷ್ಟು, ಬಂಡಿಗೆ ಎಷ್ಟು ಮೊಳೆ ಹೊಡೆಸಿದ್ದು, ಎಲ್ಲಕ್ಕೂ ವರ್ಷಕ್ಕೊಮ್ಮೆ ಕಾಲೇಜಿನವರ ಮುಂದೆ ನಿಂತು ಜವಾಬು ಹೇಳಬೇಕಾದವನು ಇವನು.

ಹಾಗಂತ ಇವನು ಕಾಲೇಜು ಕಳಿಸಿದ ಅಧಿಕಾರಿ ಏನಲ್ಲ. ಅದೇ ಊರಿನ ಜೀತದ ರೈತ. ಒಡೆಯರ ಅಪ್ಪಣೆ ಇಲ್ಲದೆ ಊರು ಬಿಡುವಂತಿಲ್ಲ. ಮಗಳ ಮದುವೆ ಮಾಡಬೇಕೆಂದರೆ ಒಡೆಯರಿಗೆ ದುಡ್ಡು ಕಟ್ಟಬೇಕು. ಅಂಥವನ ಸೊಂಟದಲ್ಲಿ ಒಡೆಯರ ಕಣಜದ ಬೀಗದ ಕೈ.

ಈ ಕೆಲಸಕ್ಕೆ ರೀವ್ ಅಂತ ಹೆಸರು.

ನನಗೆ ಈ ರೀವ್‌ಗಳ ಹುಚ್ಚು ಹಿಡಿದದ್ದು ನಮ್ಮ ಅಪಾರ್ಟ್‌ಮೆಂಟ್ ಸಂಘದ ಖಜಾಂಚಿಯಾಗಿದ್ದಾಗ. ಚುನಾಯಿತನಾದೆ ಅಂತ ಹೇಳಿಕೊಳ್ಳಬಹುದು. ನಿಜ ಏನೆಂದರೆ ಆ ಭಾನುವಾರದ ಸಭೆಗೆ ಜಾಣರು ಯಾರೂ ಬಂದಿರಲಿಲ್ಲ. ಆಮೇಲೆ ಎರಡು ವರ್ಷ ನೀರಿನ ಟ್ಯಾಂಕರ್, ಸಂಪಿನ ಮೋಟರ್, ಲಿಫ್ಟ್ ರಿಪೇರಿ. ಮೇಲಿನ ಮನೆಯವರಿಗೆ ನಾನು ಕಳ್ಳ, ಕೆಳಗಿನ ಮನೆಯವರಿಗೆ ಜಿಪುಣ. ಲೆಕ್ಕ ಪರಿಶೋಧಕರು ಬಂದು ಬಿಲ್ ಇಲ್ಲದ ನಾಲ್ಕಾರು ಖರ್ಚುಗಳಿಗೆ ಕೆಂಪು ಗೆರೆ ಎಳೆದರು. ಆ ದುಡ್ಡನ್ನು ಕೈಯಿಂದ ಕಟ್ಟಿದೆ. ಅದೇ ವಾರ ಹಳೆಯ ಇಂಗ್ಲೆಂಡಿನ ಲೆಕ್ಕದ ಸುರುಳಿಗಳ ಬಗ್ಗೆ ಸುಮ್ನೆ ಓದುತ್ತಿದ್ದಾಗ ರೀವ್ ಸಿಕ್ಕಿದ. ಅರೆ, ಇವನು ನಮ್ಮವನೇ ಅಲ್ವಾ ಅನ್ನಿಸಿತು. ನನಗಾದರೂ ರಾಜೀನಾಮೆ ಕೊಡುವ ಹಕ್ಕಿತ್ತು. ಅವನಿಗೆ ಅದೂ ಇರಲಿಲ್ಲ.

ರೀವ್ ಎಂಬ ಮಾತು ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಕಾಲಕ್ಕೂ ಮುಂಚಿನದು. ಹಳೆಯ ಇಂಗ್ಲಿಷಿನಲ್ಲಿ ಅದು 'ಗೆರೇಫ'. ಆಗ ರಾಜನಿಗೂ ರೀವ್ ಇದ್ದ, ಪೇಟೆಗೂ ರೀವ್ ಇದ್ದ. ಶೈರ್ ಅಂದರೆ ಜಿಲ್ಲೆ. ಜಿಲ್ಲೆಯ ರೀವ್ ಶೈರ್-ರೀವ್. ಅದೇ ನಾಲಿಗೆಯಲ್ಲಿ ಸವೆದು ಶೆರಿಫ್ ಆಯಿತು. ಅಮೆರಿಕದ ಸಿನಿಮಾಗಳಲ್ಲಿ ನಕ್ಷತ್ರ ಚುಚ್ಚಿಕೊಂಡು ಕುದುರೆ ಏರುವ ಶೆರಿಫನ ಮುತ್ತಜ್ಜ ಈ ಲೆಕ್ಕದವನೇ. ಸುಮಾರು 789ರಲ್ಲಿ ದಕ್ಷಿಣದ ಡಾರ್ಸೆಟ್ ಕರಾವಳಿಗೆ ಮೂರು ಪರದೇಶಿ ಹಡಗು ಬಂದವಂತೆ. ವ್ಯಾಪಾರದವರಿರಬೇಕು ಅಂದುಕೊಂಡು ಬ್ಯಾಡುಹರ್ಡ್ ಎಂಬ ರಾಜನ ರೀವ್ ಕುದುರೆ ಏರಿ ಹೋದ. ಎಲ್ಲಿಯವರು, ಯಾಕೆ ಬಂದಿರಿ, ನಡೆಯಿರಿ ರಾಜನ ಠಾಣೆಗೆ ಅಂದ. ಅವರು ಅವನನ್ನು ಕೊಂದೇ ಬಿಟ್ಟರು. ಬಂದವರು ವೈಕಿಂಗರು. ಇಂಗ್ಲೆಂಡಿನ ಮೇಲೆ ಅವರು ನಡೆಸಿದ ದಾಳಿಗಳ ಕಥೆ ಹೀಗೆ ಶುರುವಾಗುತ್ತದೆ, ಡ್ಯೂಟಿಯ ಮೇಲಿದ್ದ ಒಬ್ಬ ರೀವ್‌ನ ಸಾವಿನಿಂದ.

11ನೇ ಶತಮಾನದ ಇನ್ನೊಂದು ಬರಹ ನನಗೆ ಬಹಳ ಇಷ್ಟ. ಬುದ್ಧಿವಂತ ರೀವ್ ಹೇಗಿರಬೇಕು ಎಂದು ಹೇಳುವ ಕೈಪಿಡಿ ಅದು. ಯಾವ ಕಾಲಕ್ಕೆ ಯಾವ ಕೆಲಸ ಅಂತ ಮೊದಲು ಹೇಳುತ್ತದೆ. ಆಮೇಲೆ ಸಾಮಾನಿನ ಪಟ್ಟಿ ಶುರು. ಕೊಡಲಿ, ಗರಗಸ, ನೇಗಿಲಿನ ಸಾಮಾನು, ನೂಲಿನ ಸಾಮಾನು, ಕಡಾಯಿ, ಬುಟ್ಟಿ, ಜರಡಿ, ಹೀಗೆ ಉಸಿರು ಕಟ್ಟುವಷ್ಟು ಉದ್ದ. ಬರೆಯುತ್ತಾ ಬರೆಯುತ್ತಾ ಬರೆದವನಿಗೇ ಸುಸ್ತಾದಂತಿದೆ. ಕೊನೆಗೆ, ಎಲ್ಲವನ್ನೂ ಹೇಳುವುದು ಕಷ್ಟ, ಆದರೆ ರೀವ್ ಆದವನು ಏನನ್ನೂ ಮರೆಯಬಾರದು, ಇಲಿಬೋನನ್ನು ಕೂಡ, ಅದಕ್ಕಿಂತ ಸಣ್ಣದಾದ ಚಿಲಕದ ಗೂಟವನ್ನು ಕೂಡ ಅನ್ನುತ್ತಾನೆ. ಮನೆ ನಡೆಸಿದವರು ಯಾರೇ ಓದಲಿ, ಆ ಚಿಲಕದ ಗೂಟದ ಹತ್ತಿರ ತಲೆದೂಗುತ್ತಾರೆ.

1066ರಲ್ಲಿ ನಾರ್ಮನ್ನರು ಬಂದರು. ಒಡೆಯರು ಬದಲಾದರು. ಒಡೆಯರ ಮಾತೂ ಬದಲಾಯಿತು, ಅವರದು ಫ್ರೆಂಚ್. 1086ರಲ್ಲಿ ವಿಲಿಯಂ ರಾಜ ಇಡೀ ದೇಶದ ಆಸ್ತಿಪಾಸ್ತಿ ಬರೆಸಲು ಹೊರಟಾಗ, ಅಂದರೆ ಡೂಮ್ಸ್‌ಡೇ ದಾಖಲೆಯ ಕಾಲಕ್ಕೆ, ಅವನ ಕಡೆಯವರು ಯಾರನ್ನು ಕೇಳಬೇಕಿತ್ತು? ಪ್ರತಿ ಊರಿನ ಪಾದ್ರಿ, ರೀವ್ ಮತ್ತು ಆರು ಜನ ರೈತರನ್ನು. ಕೆಳಗೆ ನೆಲದಲ್ಲಿ ಏನಿದೆ ಎಂದು ಗೊತ್ತಿದ್ದವರು ಅವರೇ. ಗೆದ್ದವನಿಗೂ ಊರು ಗೊತ್ತಿರುವ ಒಬ್ಬ ಮನುಷ್ಯ ಬೇಕೇ ಬೇಕು.

ಮುಂದಿನ ಇನ್ನೂರು ವರ್ಷಗಳಲ್ಲಿ ಇದಕ್ಕೊಂದು ಮೆಟ್ಟಿಲಿನ ವ್ಯವಸ್ಥೆ ಬೆಳೆಯಿತು. ಒಡೆಯನ ಒಂದೊಂದು ಹಿಡುವಳಿಗೆ ಮೇನರ್ ಎಂದು ಹೆಸರು. ದೊಡ್ಡ ಒಡೆಯನಿಗೆ ಇಂಥ ಹತ್ತಾರು ಮೇನರ್. ಎಲ್ಲದರ ಮೇಲೆ ಸ್ಟೂವರ್ಡ್. ಅವನು ಕಾನೂನು ಗೊತ್ತಿದ್ದವನು, ದೊಡ್ಡ ಮನುಷ್ಯ. ವರ್ಷಕ್ಕೆ ಎರಡು ಮೂರು ಸಲ ಕುದುರೆ ಏರಿ ಬಂದು ಮೇನರಿನ ನ್ಯಾಯಸಭೆ ನಡೆಸಿ ಮುಂದಿನ ಊರಿಗೆ ಹೋಗುತ್ತಾನೆ. ಅವನ ಕೆಳಗೆ ಬೇಲಿಫ್. ಸಂಬಳಕ್ಕಿದ್ದವನು, ಸಾಮಾನ್ಯವಾಗಿ ಹೊರಗಿನವನು. ಅವನ ಕೆಳಗೆ ನಮ್ಮ ರೀವ್. ರೀವ್‌ನ ಜೊತೆಗೆ ಹೇವಾರ್ಡ್. ಈ ಹೆಸರಿನಲ್ಲಿರುವ 'ಹೇ' ಒಣಹುಲ್ಲಲ್ಲ, ಬೇಲಿ. ಬಿತ್ತಿದ ಹೊಲಕ್ಕೆ ದನ ನುಗ್ಗದಂತೆ ಕಾಯುವುದು, ನುಗ್ಗಿದ್ದನ್ನು ದೊಡ್ಡಿಗೆ ಹೊಡೆಯುವುದು, ಕೊಯ್ಲಿನ ಆಳುಗಳ ಮೇಲೆ ಕಣ್ಣಿಡುವುದು ಅವನ ಕೆಲಸ. ಕಾಡಿಗೊಬ್ಬ ವುಡ್‌ವಾರ್ಡ್. ಬಿಯರಿನ ರುಚಿ ನೋಡಿ ಸರಿಯಿದೆಯೋ ಇಲ್ಲವೋ ಹೇಳಲು ಕೂಡ ಊರಿನಲ್ಲಿ ಅಧಿಕೃತವಾಗಿ ಜನ ಇದ್ದರು. ಆ ಹುದ್ದೆಗೆ ನಿಲ್ಲಲು ಯಾರೂ ಹಿಂಜರಿದಿರಲಿಕ್ಕಿಲ್ಲ.

ಕನ್ನಡದಲ್ಲಿ ರೀವ್‌ಗೆ ಏನನ್ನಬೇಕು ಎಂದು ತುಂಬಾ ಯೋಚಿಸಿದೆ. ಪಟೇಲ ಅನ್ನಲೇ? ಪಟೇಲಿಕೆ ವಂಶದಿಂದ ಬಂದದ್ದು, ಅದರಲ್ಲಿ ಒಂದು ಗತ್ತಿತ್ತು. ಶಾನುಭೋಗ ಅನ್ನಲೇ? ಶಾನುಭೋಗನಿಗೆ ಓದುಬರಹ ಬೇಕು; ರೀವ್‌ಗೆ ಬರೆಯಲು ಬರುತ್ತಿರಲಿಲ್ಲ. ಮೇಸ್ತ್ರಿ ಅಂದರೆ ಕಡಿಮೆಯಾಯಿತು. ಹಾಗಾಗಿ ರೀವ್ ರೀವ್ ಆಗಿಯೇ ಇರಲಿ.

ಇವನನ್ನು ಆರಿಸುತ್ತಿದ್ದ ರೀತಿ ಮಜವಾಗಿದೆ. ಒಳ್ಳೆಯ ಬೇಸಾಯಗಾರನನ್ನು ಊರಿನವರೇ ಕೂಡಿ ಆರಿಸಬೇಕು ಅನ್ನುತ್ತದೆ 13ನೇ ಶತಮಾನದ ಒಂದು ಎಸ್ಟೇಟ್ ಕೈಪಿಡಿ. ಕೇಳಲು ಪ್ರಜಾಪ್ರಭುತ್ವದ ಹಾಗಿದೆ. ಅದರ ಒಳಸುಳಿ ಬೇರೆ. ಊರಿನವರು ಆರಿಸಿದವನು ಲೆಕ್ಕದಲ್ಲಿ ತಪ್ಪಿದರೆ, ಅವನ ಕೈಯಲ್ಲಿ ತುಂಬಿಕೊಡಲು ಆಗದಿದ್ದರೆ, ಎಷ್ಟೋ ಕಡೆ ಆರಿಸಿದ ಊರೇ ತುಂಬಿಕೊಡಬೇಕು. ಒಡೆಯನಿಗೆ ಪುಕ್ಕಟೆ ಜಾಮೀನು. ಆರಿಸಿದ ಮೇಲೆ ಒಲ್ಲೆ ಅಂದರೆ ದಂಡ. ದಂಡ ಕಟ್ಟಿ ತಪ್ಪಿಸಿಕೊಂಡವರ ಹೆಸರುಗಳು ಮೇನರಿನ ದಾಖಲೆಗಳಲ್ಲಿ ಸಿಗುತ್ತವೆ. ಇನ್ನೂ ವಿಚಿತ್ರ ಒಂದಿದೆ. ಇವನು ಸ್ವತಂತ್ರ ಮನುಷ್ಯನೋ ಜೀತದವನೋ ಎಂಬ ತಕರಾರು ಕೋರ್ಟಿಗೆ ಬಂದಾಗ, ಒಡೆಯನ ಇಷ್ಟದಂತೆ ಇವನು ರೀವ್ ಆಗಿ ದುಡಿದಿದ್ದಾನೆ ಎಂಬುದನ್ನು ಜೀತಕ್ಕೆ ಸಾಕ್ಷಿಯಾಗಿ ಮುಂದಿಡುತ್ತಿದ್ದರು. ಊರಿನಲ್ಲೇ ದೊಡ್ಡ ಅಧಿಕಾರ ನಡೆಸಿದ್ದು ನೀನು ಆಳು ಅನ್ನುವುದಕ್ಕೆ ಪುರಾವೆ!

ಪ್ರತಿಫಲ ಏನೂ ಇರಲಿಲ್ಲ ಅಂತಲ್ಲ. ಆ ವರ್ಷದ ಬಿಟ್ಟಿ ಕೆಲಸ ಮಾಫಿ. ಗೇಣಿಯಲ್ಲಿ ಪೂರ್ತಿಯೋ ಸ್ವಲ್ಪವೋ ರಿಯಾಯಿತಿ. ಕೊಯ್ಲಿನ ವಾರಗಳಲ್ಲಿ ಒಡೆಯನ ಮನೆಯ ಊಟ. ಕೆಲವೆಡೆ ಒಡೆಯನ ಹುಲ್ಲುಗಾವಲಿನಲ್ಲಿ ತನ್ನ ಕುದುರೆ ಮೇಯಿಸುವ ಹಕ್ಕು. ಇದಕ್ಕೆ ಬದಲಾಗಿ ಅವನು ಮಾಡಬೇಕಾದದ್ದು, ನಿನ್ನೆಯವರೆಗೆ ಜೊತೆಗೆ ಕುಡುಗೋಲು ಹಿಡಿದಿದ್ದ ನೆರೆಯವನನ್ನು ಇವತ್ತು ಬೆಳಗ್ಗೆ ಬಿಟ್ಟಿ ಕೆಲಸಕ್ಕೆ ಹೊರಡಿಸುವುದು.

14ನೇ ಶತಮಾನದ ಆರಂಭದ ಒಂದು ಪ್ರಾರ್ಥನಾ ಪುಸ್ತಕದಲ್ಲಿ ಆಗಸ್ಟ್ ತಿಂಗಳಿಗೆ ಬರೆದ ಚಿತ್ರವೊಂದಿದೆ. ರಾಣಿ ಮೇರಿಯ ಸಾಲ್ಟರ್ ಎಂದು ಅದಕ್ಕೆ ಹೆಸರು. ಮೂವರು ಬಗ್ಗಿ ಪೈರು ಕೊಯ್ಯುತ್ತಿದ್ದಾರೆ. ಹಿಂದೆ ಒಬ್ಬ ನೆಟ್ಟಗೆ ನಿಂತು ಅವರ ಬೆನ್ನ ಮೇಲೆ ಕೋಲು ಚಾಚಿದ್ದಾನೆ. ಇಂಗ್ಲೆಂಡಿನ ಇತಿಹಾಸದ ಪಠ್ಯಗಳಲ್ಲಿ ಎಲ್ಲೆಲ್ಲೂ ಇರುವ ಚಿತ್ರ. ನನಗೆ ಅದರಲ್ಲಿ ಕೋಲಿಗಿಂತ ಬಟ್ಟೆ ಕಾಡುತ್ತದೆ. ನಿಂತವನ ಬಟ್ಟೆ ಬಗ್ಗಿದವರದಕ್ಕಿಂತ ಸ್ವಲ್ಪ ಉದ್ದ, ಅಷ್ಟೇ. ಒಡೆಯನ ಹಾಗೆ ಏನೂ ಕಾಣುವುದಿಲ್ಲ.

ಆದರೆ ರೀವ್‌ನ ನಿಜವಾದ ಪರೀಕ್ಷೆ ಹೊಲದಲ್ಲಲ್ಲ, ಮಿಕಲ್ಮಸ್‌ನಲ್ಲಿ. ಅಂದರೆ ಸೆಪ್ಟೆಂಬರ್ 29, ಸಂತ ಮೈಕೇಲನ ಹಬ್ಬ. ಕೊಯ್ಲು ಮುಗಿದು ಕಣ ಬರಿದಾದ ಹೊತ್ತು. ಲೆಕ್ಕದ ವರ್ಷ ಆ ದಿನ ಮುಗಿಯುತ್ತದೆ. ಆಮೇಲೆ ಲೆಕ್ಕ ಕೇಳುವವರು ಬರುತ್ತಾರೆ. 'ಕೇಳುವವರು' ಅಂತ ಬೇಕೆಂದೇ ಬರೆದೆ. ಆಡಿಟ್ ಎಂಬ ಮಾತಿನ ಮೂಲ ಲ್ಯಾಟಿನ್ನಿನ ಕೇಳು ಎಂಬ ಕ್ರಿಯಾಪದ. ಲೆಕ್ಕ ಓದಿ ನೋಡುವುದಲ್ಲ, ಬಾಯಿಂದ ಹೇಳಿಸಿ ಕಿವಿಯಿಂದ ಕೇಳುವುದು.

ಹೇಗೆ ಅಂತೀರಾ? ಓದುಬರಹ ಬಾರದ ರೀವ್ ವರ್ಷವಿಡೀ ಲೆಕ್ಕ ಇಟ್ಟದ್ದು ತಲೆಯಲ್ಲಿ ಮತ್ತು ಕೋಲುಗಳಲ್ಲಿ. ಒಂದು ಕಡ್ಡಿಗೆ ಅಡ್ಡಡ್ಡ ಕಚ್ಚು ಹಾಕುವುದು. ದೊಡ್ಡ ಮೊತ್ತಕ್ಕೆ ಅಗಲ ಕಚ್ಚು, ಸಣ್ಣದಕ್ಕೆ ಕಿರಿದು. ಆಮೇಲೆ ಕಡ್ಡಿಯನ್ನು ಉದ್ದಕ್ಕೆ ಸೀಳಿ ಕೊಟ್ಟವನಿಗೆ ಒಂದು ಹೋಳು, ತೆಗೆದುಕೊಂಡವನಿಗೆ ಒಂದು ಹೋಳು. ಎರಡನ್ನೂ ಜೋಡಿಸಿದರೆ ಕಚ್ಚು ಕೂಡಬೇಕು. ಮೋಸ ಮಾಡಿ ಒಂದು ಕಚ್ಚು ಹೆಚ್ಚಿಗೆ ಹಾಕಿದರೆ ಇನ್ನೊಂದು ಹೋಳು ಬಾಯಿ ಬಿಡುತ್ತದೆ. ರಶೀದಿ, ಸಹಿ, ಮೊಹರು ಎಲ್ಲಾ ಒಂದರಲ್ಲೇ. ಇದು ಹಳ್ಳಿಯವರ ಜುಗಾಡ್ ಎಂದುಕೊಳ್ಳಬೇಡಿ, ರಾಜನ ಖಜಾನೆಯೂ ಇದನ್ನೇ ನೆಚ್ಚಿತ್ತು. 1834ರಲ್ಲಿ ಲಂಡನ್ನಿನ ಸಂಸತ್ ಭವನ ಸುಟ್ಟು ಬೂದಿಯಾದದ್ದು ಯಾಕೆ ಗೊತ್ತೇ? ಬೇಡವಾದ ಹಳೆಯ ಲೆಕ್ಕದ ಕೋಲುಗಳನ್ನು ಗಾಡಿಗಟ್ಟಲೆ ತಂದು ಅಲ್ಲಿನ ಒಲೆಗೆ ತುಂಬಿದ್ದರು.

ರೀವ್ ಕೋಲುಗಳನ್ನು ಹರಡಿಕೊಂಡು ಹೇಳುತ್ತಾ ಹೋಗುತ್ತಾನೆ. ಗುಮಾಸ್ತ ಅದನ್ನು ಲ್ಯಾಟಿನ್ನಿನಲ್ಲಿ ಚರ್ಮದ ಸುರುಳಿಯ ಮೇಲೆ ಇಳಿಸುತ್ತಾನೆ. ಮುಂಭಾಗದಲ್ಲಿ ದುಡ್ಡಿನ ಲೆಕ್ಕ, ಬೆನ್ನಿನಲ್ಲಿ ಕಾಳು ಮತ್ತು ದನಕರುಗಳ ಲೆಕ್ಕ. ಅಂಕಿಗಳೆಲ್ಲ ರೋಮನ್. 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್. ರೂಪಾಯಿ-ಆಣೆ-ಪೈ ಕಾಲದ ಲೆಕ್ಕದಂಗಡಿಯಲ್ಲಿ ಕೂತವರಿಗೆ ಅದರ ತಲೆನೋವು ಅರ್ಥವಾದೀತು. ಇಂಥ ಸುರುಳಿಗಳಲ್ಲಿ ಉಳಿದಿರುವ ಅತಿ ಹಳೆಯ ಸಾಲು ವಿಂಚೆಸ್ಟರಿನ ಬಿಷಪ್ಪನ ಎಸ್ಟೇಟಿನದು, 1208-09ನೇ ವರ್ಷದಿಂದ ಶುರುವಾಗುತ್ತದೆ. ನಮಗೆ ಆ ಕಾಲದ ಗೋಧಿಯ ಬೆಲೆ, ಆಳಿನ ಕೂಲಿ, ಬರಗಾಲ, ದನದ ರೋಗ ಎಲ್ಲಾ ಗೊತ್ತಿದೆ ಎಂದರೆ ಅದಕ್ಕೆ ಮೂಲ ಅಕ್ಷರ ಬಾರದ ಈ ರೈತರ ಬಾಯಿ.

ಈ ಸುರುಳಿಗಳಲ್ಲಿ ನನಗೆ ತುಂಬಾ ಹಿಡಿಸುವುದು ಹೊಡೆದುಹಾಕಿದ ಸಾಲುಗಳು. ರೀವ್ ಒಂದು ಬೆಲೆ ಹೇಳಿದ್ದಾನೆ. ಲೆಕ್ಕ ಕೇಳುವವನು ಅದಕ್ಕೆ ಗೆರೆ ಎಳೆದು ಮೇಲೆ ಇನ್ನೊಂದು ಬರೆದಿದ್ದಾನೆ. ಇಷ್ಟು ಕಡಿಮೆಗೆ ಮಾರಿದೆಯಾ? ಸಾಧ್ಯವಿಲ್ಲ. ಇಷ್ಟು ಕೂಲಿ ಕೊಟ್ಟೆಯಾ? ಯಾರಪ್ಪನ ದುಡ್ಡು? ಏಳುನೂರು ವರ್ಷದ ಹಿಂದಿನ ಜಗಳ ಆ ಎರಡು ಗೆರೆಗಳ ನಡುವೆ ಇನ್ನೂ ಹಸಿಯಾಗಿದೆ. ಇನ್ನೊಂದು ತಲೆಬರಹ ಬರುತ್ತದೆ, 'ಲೆಕ್ಕದ ಮೇಲೆ ಮಾರಿದ್ದು' ಎಂದು. ಸಂತೆಯಲ್ಲಿ ಮಾರಿದ್ದಲ್ಲ. ಇಷ್ಟು ಕಾಳು, ಇಷ್ಟು ಮೊಟ್ಟೆ ಇರಬೇಕಿತ್ತು, ಇಲ್ಲ. ಹಾಗಾದರೆ ರೀವ್‌ನೇ ಕೊಂಡ ಅಂತ ಬರೆದುಕೊಂಡು ಅವನಿಂದ ದುಡ್ಡು ವಸೂಲು ಮಾಡುವುದು!

ಇರಬೇಕಿತ್ತು ಅಂತ ಗೊತ್ತಾಗುವುದಾದರೂ ಹೇಗೆ? ಅದಕ್ಕೂ ಕೈಪಿಡಿಗಳಿದ್ದವು. ಒಂದು ಕೋಳಿ ವರ್ಷಕ್ಕೆ 115 ಮೊಟ್ಟೆ ಮತ್ತು 7 ಮರಿಗಳ ಲೆಕ್ಕ ಕೊಡಬೇಕು ಅನ್ನುತ್ತದೆ ಒಂದು. ಕೋಳಿ ಕೊಡದಿದ್ದರೆ ರೀವ್ ಕೊಡಬೇಕು. 13ನೇ ಶತಮಾನದ ವಾಲ್ಟರ್ ಆಫ್ ಹೆನ್ಲಿ ಎಂಬವನ ಬೇಸಾಯದ ಪುಸ್ತಕ ಆಗಿನ ಒಡೆಯರಿಗೆಲ್ಲ ಪ್ರಿಯವಾದದ್ದು. ಬಿತ್ತಿದ್ದಕ್ಕೆ ಮೂರರಷ್ಟು ಮಾತ್ರ ಬೆಳೆದರೆ, ಕಾಳಿಗೆ ಒಳ್ಳೆಯ ಬೆಲೆ ಬಾರದ ಹೊರತು ನಿನಗೆ ಏನೂ ಗಿಟ್ಟಲಿಲ್ಲ ಅಂತ ಅವನ ಲೆಕ್ಕಾಚಾರ. ನೇಗಿಲಿಗೆ ಕುದುರೆಗಿಂತ ಎತ್ತೇ ಲೇಸು ಎನ್ನುತ್ತಾನೆ. ಕುದುರೆ ಕಟ್ಟಿದರೂ ಉಳುವವರು ಬೇಕೆಂದೇ ನಿಧಾನ ಮಾಡುತ್ತಾರೆ ಎಂಬುದು ಅವನ ಗುಮಾನಿ. ಒಕ್ಕಣೆಯ ಆಳುಗಳು ಎದೆಯಲ್ಲಿ, ಅಂಗಿಯಲ್ಲಿ, ಬೂಟಿನಲ್ಲಿ ಕಾಳು ಬಚ್ಚಿಟ್ಟುಕೊಂಡು ಹೋಗದಂತೆ ರೀವ್ ನೋಡಿಕೊಳ್ಳಬೇಕು ಎಂದು ಮತ್ತೊಂದು ಕೈಪಿಡಿ ಹೇಳುತ್ತದೆ. ಓದುತ್ತಾ ಹೋದರೆ ಇವು ಬೇಸಾಯದ ಪುಸ್ತಕಗಳೋ ಅನುಮಾನದ ಪುಸ್ತಕಗಳೋ ಎಂದು ಸಂಶಯ ಬರುತ್ತದೆ. 1285ರ ಶಾಸನವೊಂದಂತೂ, ಲೆಕ್ಕ ಕೇಳುವವರು ಬಾಕಿ ಉಳಿಸಿದವನನ್ನು ನೇರ ಸೆರೆಮನೆಗೆ ಕಳಿಸಬಹುದು ಎಂದಿತು.

ರೀವ್‌ಗಳು ಪಾಪದವರು, ಮೋಸ ಮಾಡುತ್ತಲೇ ಇರಲಿಲ್ಲ ಎಂದು ನಾನು ವಾದಿಸುತ್ತಿಲ್ಲ. ಖಂಡಿತ ಮಾಡುತ್ತಿದ್ದರು. 14ನೇ ಶತಮಾನದ ಕೊನೆಗೆ ಕವಿ ಚಾಸರ್ ತನ್ನ 'ಕ್ಯಾಂಟರ್ಬರಿ ಕಥೆಗಳು' ಕಾವ್ಯದಲ್ಲಿ ಯಾತ್ರಿಕರ ನಡುವೆ ನಾರ್ಫೋಕಿನ ಒಬ್ಬ ರೀವ್‌ನನ್ನೂ ಕೂರಿಸಿದ್ದಾನೆ. ಸಣಕಲ, ಸಿಡುಕ, ಮೂಲತಃ ಬಡಗಿ. ಯಾವ ಲೆಕ್ಕದವನಿಗೂ ಸಿಕ್ಕಿಬೀಳದವನು. ಒಡೆಯನ ಮಾಲನ್ನೇ ಒಡೆಯನಿಗೆ ಸಾಲ ಕೊಟ್ಟು ಉಪಕಾರ ಅನ್ನಿಸಿಕೊಂಡು, ಮೇಲೊಂದು ಅಂಗಿಯನ್ನೂ ಗಿಟ್ಟಿಸುವವನು. ಆಳುಕಾಳು ಅವನಿಗೆ ಸಾವಿಗೆ ಹೆದರಿದ ಹಾಗೆ ಹೆದರುತ್ತಿದ್ದರು. ಅದನ್ನು ಓದಿದಾಗ ನಗು ಬರುತ್ತದೆ. ಆದರೆ ಚಾಸರ್ ಸ್ವತಃ ಲಂಡನ್ ಬಂದರಿನ ಸುಂಕದ ಲೆಕ್ಕ ನೋಡಿಕೊಂಡಿದ್ದವನು. ಅಂದರೆ ಅವನೂ ಮೇಜಿನ ಆಚೆ ಬದಿಯವನೇ. ರೀವ್ ಬರೆದ ಕವಿತೆ ಒಂದೂ ನಮಗಿಲ್ಲ.

1348ರಲ್ಲಿ ಪ್ಲೇಗ್ ಇಂಗ್ಲೆಂಡಿಗೆ ಕಾಲಿಟ್ಟಿತು. ಮರುವರ್ಷ ಕಕ್ಸಮ್‌ಗೆ ಬಂತು. ರಾಬರ್ಟ್ ಓಲ್ಡ್‌ಮ್ಯಾನ್ ಸತ್ತದ್ದು ಆ 1349ರಲ್ಲೇ. ದೇಶದಲ್ಲಿ ಜನರೇ ಕಡಿಮೆಯಾದಾಗ ಕೂಲಿ ಏರಿತು. 1351ರಲ್ಲಿ ಕೂಲಿ ಏರಿಸಬಾರದೆಂದು ಕಾನೂನು ಮಾಡಿದರು. ಅದನ್ನು ಹೊಲದಲ್ಲಿ ಜಾರಿ ಮಾಡಬೇಕಾದವರು ಯಾರು? ಮತ್ತೆ ಇವೇ ರೀವ್‌ಗಳು, ಬೇಲಿಫ್‌ಗಳು. ಅವರಿಗೋ ಕೊಯ್ಲು ಮುಗಿಯಬೇಕು. ಕಾನೂನಿನ ಕೂಲಿಗೆ ಆಳು ಬರುವುದಿಲ್ಲ. ಹೆಚ್ಚಿಗೆ ಕೊಟ್ಟದ್ದನ್ನು ಲೆಕ್ಕದಲ್ಲಿ ಏನೇನೋ ಹೆಸರಿನಲ್ಲಿ ತೋರಿಸಬೇಕು.

ಆಮೇಲೆ 1381ರ ಜೂನ್. ಎಸೆಕ್ಸ್, ಕೆಂಟ್ ಕಡೆಯ ಜನ ದಂಗೆ ಎದ್ದು ಲಂಡನ್ನಿಗೆ ನುಗ್ಗಿದರು. ಇತ್ತ ಹಳ್ಳಿಗಳಲ್ಲಿ ಮೇನರಿನ ಸುರುಳಿಗಳನ್ನು ಹೊರಗೆಳೆದು ಬೆಂಕಿ ಹಚ್ಚಿದರು. ನೀನು ಜೀತದವನು ಎಂದು ಬರೆದಿಟ್ಟಿದ್ದು ಅಲ್ಲೇ ತಾನೇ? ಆ ದಂಗೆಯಲ್ಲಿದ್ದ ಹಳ್ಳಿಯವರ ಹೆಸರು ಹುಡುಕಿದ ಇತಿಹಾಸಕಾರರಿಗೆ ಒಂದು ಸೋಜಿಗ ಕಾದಿತ್ತು. ಅವರಲ್ಲಿ ತುಂಬಾ ಜನ ಬರೀ ಕೂಲಿಗಳಲ್ಲ. ರೀವ್ ಆಗಿದ್ದವರು, ಬೇಲಿಫ್ ಆಗಿದ್ದವರು, ಬಿಯರ್ ರುಚಿ ನೋಡುತ್ತಿದ್ದವರು, ನ್ಯಾಯಸಭೆಯಲ್ಲಿ ಪಂಚರಾಗಿ ಕೂತವರು.

ನನಗೆ ಅದು ಸೋಜಿಗ ಅನ್ನಿಸಲಿಲ್ಲ. ಜನರನ್ನು ಕೂಡಿಸುವುದು, ಕೆಲಸ ಹಂಚುವುದು ಅವರಿಗೆ ದಿನದ ರೂಢಿ. ಯಾವ ಸುರುಳಿ ಯಾವ ಪೆಟ್ಟಿಗೆಯಲ್ಲಿದೆ ಎಂಬುದೂ ಅವರಿಗೆ ಗೊತ್ತಿತ್ತು. ಇದನ್ನೆಲ್ಲ ಒಡೆಯರೇ ತಲೆಮಾರುಗಟ್ಟಲೆ ಕಲಿಸಿದ್ದರು, ಅದೂ ದಂಡದ ಭಯ ಹಾಕಿ.

ದಂಗೆಯನ್ನು ಹೊಸಕಿ ಹಾಕಿದರು. ಆದರೆ ಒಡೆಯರಿಗೂ ಸ್ವಂತ ಬೇಸಾಯ ಸಾಕಾಗಿತ್ತು. 1400ರ ಆಚೀಚೆ ಒಂದೊಂದೇ ಮೇನರಿನಲ್ಲಿ ಒಡೆಯನ ಹೊಲವನ್ನು ಗುತ್ತಿಗೆಗೆ ಕೊಟ್ಟರು. ಗುತ್ತಿಗೆ ಹಿಡಿದವರಲ್ಲಿ ಹಳೆಯ ರೀವ್‌ಗಳೂ ಇದ್ದರು. ಈಗ ಕೋಳಿ ಎಷ್ಟು ಮೊಟ್ಟೆ ಇಟ್ಟಿತು ಎಂದು ಕೇಳುವವರಿಲ್ಲ. ಹಾಗಾಗಿ ನಮಗೂ ಗೊತ್ತಾಗುವುದಿಲ್ಲ. ಸುರುಳಿಗಳು ಚಿಕ್ಕದಾಗುತ್ತವೆ. ಹುದ್ದೆ ಹೋಗಿ ಅಡ್ಡಹೆಸರು ಉಳಿಯುತ್ತದೆ: ರೀವ್ಸ್, ಹೇವಾರ್ಡ್, ಬೇಯ್ಲಿ, ವುಡ್‌ವಾರ್ಡ್. ಸ್ಟೂವರ್ಡ್ ಮಾತ್ರ ಎತ್ತರಕ್ಕೆ ಹೋದ. ಸ್ಕಾಟ್ಲೆಂಡಿನ ರಾಜನ ಸ್ಟೂವರ್ಡ್ ಆಗಿದ್ದ ಮನೆತನವೇ 1371ರಲ್ಲಿ ಸಿಂಹಾಸನ ಏರಿ ಸ್ಟುವರ್ಟ್ ವಂಶವಾಯಿತು.

ಓಲ್ಡ್‌ಮ್ಯಾನ್ ನನಗೆ ನೆನಪಾಗುವುದು ಒಂದು ಪ್ರಯಾಣದಲ್ಲಿ. 1330ರ ಆಚೀಚೆ, ಕಕ್ಸಮ್‌ನ ನೀರುಗಿರಣಿಗೆ ಕಲ್ಲು ಬೇಕಾಯಿತು. ಒಳ್ಳೆಯ ಗಿರಣಿ ಕಲ್ಲು ಸಮುದ್ರದಾಚೆಯಿಂದ ಬರಬೇಕು, ಸಿಗುವುದು ಲಂಡನ್ನಿನಲ್ಲಿ. ಜೀತದ ರೈತ, ಊರು ಬಿಡಲು ಅಪ್ಪಣೆ ಬೇಕಾದವನು, ಕಾಲೇಜಿನ ದುಡ್ಡು ಕಟ್ಟಿಕೊಂಡು ಲಂಡನ್ನಿಗೆ ಹೋದ. ನದಿ ದಂಡೆಯಲ್ಲಿ ಕಲ್ಲು ತಟ್ಟಿ ನೋಡಿದ. ಚೌಕಾಸಿ ಮಾಡಿದ. ಐದು ಕಲ್ಲು ಕೊಂಡ. ಅವನ್ನು ದೋಣಿಗೆ ಏರಿಸಿ ಥೇಮ್ಸ್ ನದಿಯಲ್ಲಿ ಹೆನ್ಲಿಯವರೆಗೆ ತಂದು, ಅಲ್ಲಿಂದ ಬಂಡಿಯಲ್ಲಿ ಸಾಗಿಸಿದ. ಸುರುಳಿಯಲ್ಲಿ ಇದರ ಒಂದೊಂದು ಖರ್ಚೂ ಇದೆ. ವ್ಯಾಪಾರ ಕುದುರಿದಾಗ ಕಲ್ಲು ಮಾರಿದವರ ಜೊತೆ ಕುಡಿದ ವೈನಿನ ಬಾಬತ್ತು ಕೂಡ.

ಅದನ್ನು ಓದಿದ ದಿನ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಟ್ಯಾಂಕರ್ ಡ್ರೈವರಿಗೆ ಎರಡು ವರ್ಷ ಕೊಡಿಸಿದ ಚಹಾ ನಾನು ಎಲ್ಲೂ ಬರೆದಿರಲಿಲ್ಲ.